ಐದು ಸಲ ಕೂಗಿದ ಹಡಗು

ಹಡಗು ಒಂದು ಸಲ ಚುಟುಕಾಗಿ ಕೂಗಿದರೆ ‘ಬಲಕ್ಕೆ ತಿರುಗುತ್ತಿದ್ದೇನೆ’ ಎಂದು ಅರ್ಥ. ಎರಡು ಸಲವಾದರೆ ಎಡಕ್ಕೆ. ಮೂರು ಸಲವಾದರೆ ‘ನನ್ನ ಎಂಜಿನ್ ಹಿಮ್ಮುಖವಾಗಿ ಓಡುತ್ತಿದೆ’ ಎಂದು. ಐದು ಸಲ, ಒಂದರ ಬೆನ್ನಿಗೆ ಒಂದು ಕೂಗಿದರೆ, ‘ನೀನು ಏನು ಮಾಡಹೊರಟಿದ್ದೀಯೋ ನನಗೆ ತಿಳಿಯುತ್ತಿಲ್ಲ’ ಎಂದು. ಜಗತ್ತಿನ ಎಲ್ಲ ಕಡಲುಗಳಿಗೂ ಇದು ಒಂದೇ ಭಾಷೆ. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಒಂದು ಹಡಗು ನನ್ನನ್ನೇ ನೋಡಿ, ನನಗೊಬ್ಬನಿಗೇ ಈ ಮಾತು ಹೇಳೀತು ಎಂದು ಮಾತ್ರ ಅಂದುಕೊಂಡಿರಲಿಲ್ಲ.

ನಾನಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೌತಾಂಪ್ಟನ್ನಿನಲ್ಲಿ. ಆಸ್ಪತ್ರೆಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ನಮ್ಮ ವಿಭಾಗದಿಂದ ನಿವೃತ್ತರಾದ ಹಿರಿಯರೊಬ್ಬರ ಬಳಿ ಮೂವತ್ತು ಅಡಿಯ ಹಳೆಯ ಯಾಟ್ ಇದೆ. ಯಾಟ್ ಎಂದಕೂಡಲೇ ಸಿನಿಮಾದ ಶ್ರೀಮಂತರ ಬಿಳಿ ಹಡಗು ಕಣ್ಣಿಗೆ ಬರುತ್ತದೆ. ಇದು ಅದಲ್ಲ. ಎರಡು ಹಾಯಿ, ಒಂದು ಮುದಿ ಡೀಸೆಲ್ ಎಂಜಿನ್, ಕೂತರೆ ತಲೆಗೆ ತಾಗುವ ಒಂದು ಕೋಣೆ, ಅದರೊಳಗೆ ಚಹಾ ಕಾಸುವ ಒಲೆ. ಅವರಿಗೆ ಮೊಣಕಾಲು ನೋವು, ಹಗ್ಗ ಎಳೆಯಲು ಒಬ್ಬ ಬೇಕಿತ್ತು. ನಾನು ಹೋದೆ. ನಮ್ಮೂರಿನ ಲೆಕ್ಕದಲ್ಲಿ ಅವರು ತಾಂಡೇಲ, ನಾನು ಕಲಾಸಿ. ಮನಸ್ಸಿನಲ್ಲಿ ನಾನು ಅವರನ್ನು ಕರೆಯುವುದೂ ತಾಂಡೇಲರೆಂದೇ.

ನಮ್ಮೂರು ಎಂದರೆ ಗಂಗೊಳ್ಳಿಯ ಬದಿ. ಸೌಪರ್ಣಿಕೆ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ಎಂಬ ಐದು ನದಿಗಳು ಕೂಡಿ ಕಡಲಿಗೆ ಇಳಿಯುವ ಜಾಗ. ಅಪ್ಪ ಮುಂಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ನನ್ನನ್ನು ಸಾಕಿ ಓದಿಸಿದವರು ಸೋದರಮಾವ. ಅವರು ಹುಡುಗನಾಗಿದ್ದಾಗ ರಂಪಣಿ ಎಳೆದವರು, ಆಮೇಲೆ ಪರ್ಸೀನ್ ಬೋಟಿಗೆ ಕಲಾಸಿಯಾಗಿ ಸೇರಿ ಕೊನೆಗೆ ತಾಂಡೇಲರಾದವರು. ನನ್ನ ಪುಸ್ತಕ, ಹಾಸ್ಟೆಲ್ಲು, ಮೊದಲ ವಿಮಾನದ ಟಿಕೇಟು ಎಲ್ಲ ಬಂಗುಡೆ ಬೂತಾಯಿ ಮಾರಿದ ದುಡ್ಡು. ಅದಕ್ಕೆ ಅವರು ಹಾಕಿದ್ದ ಷರತ್ತು ಒಂದೇ: ನಾನು ಯಾವತ್ತೂ ದೋಣಿ ಹತ್ತಕೂಡದು.

ಕಾರಣ ಇತ್ತು. ನನಗೆ ಎಂಟು ವರ್ಷವಾಗಿದ್ದಾಗ ಚಿಕ್ಕಮಾವ ಅಳಿವೆ ಬಾಗಿಲಲ್ಲಿ ದೋಣಿ ಮಗುಚಿ ತೀರಿಕೊಂಡರು. ಹೊರಗೆ ಹೋಗುವಾಗ ಅಲ್ಲ, ಮೀನು ತುಂಬಿಕೊಂಡು ಒಳಗೆ ಬರುವಾಗ. ಆಳ ಕಡಲಿನಲ್ಲಿ ಸುಮ್ಮನಿರುವ ಅಲೆ ಅಳಿವೆಯ ಮರಳು ದಿಣ್ಣೆ ತಾಗಿದ ಕೂಡಲೇ ಎದ್ದು ನಿಲ್ಲುತ್ತದೆ. ಹಿಂದಿನಿಂದ ಬಂದು ದೋಣಿಯ ಬಾಲ ಎತ್ತಿ ಅಡ್ಡ ತಿರುಗಿಸುತ್ತದೆ. ದಡದಲ್ಲಿ ನಿಂತವರಿಗೆ ಮುಖ ಗುರುತು ಸಿಗುವಷ್ಟು ಹತ್ತಿರ. ಮಾವ ಆಮೇಲೆ ಹಲವು ಸಲ ಹೇಳಿದ್ದರು, ಕಡಲಿನ ನಡುವೆ ಹೆದರಿಕೆ ಇಲ್ಲ, ಹೆದರಿಕೆ ಇರುವುದು ಮನೆ ಕಾಣುವ ಜಾಗದಲ್ಲಿ ಎಂದು. ಚಿಕ್ಕಮಾವನ ಬಗ್ಗೆ ಮಾತ್ರ ಅದಕ್ಕಿಂತ ಹೆಚ್ಚು ಮಾತಾಡಿದ್ದು ನಾನು ಕೇಳಿರಲಿಲ್ಲ.

ಹೀಗಾಗಿ ಮೂರು ವರ್ಷ ನಾನು ಭಾನುವಾರಗಳನ್ನು ಕದ್ದೆ. ಊರಿಗೆ ಫೋನು ಮಾಡಿದಾಗ ‘ಪಾರ್ಕಿಗೆ ಹೋಗಿದ್ದೆವು’ ಎನ್ನುತ್ತಿದ್ದೆ. ಮುಖ ಹೇಗೆ ಇಷ್ಟು ಕಪ್ಪಾಯಿತು ಎಂದು ಅಮ್ಮ ವೀಡಿಯೊದಲ್ಲಿ ಕೇಳಿದರೆ ಹೆಂಡತಿ ಬದಿಗೆ ತಿರುಗಿ ನಗುತ್ತಿದ್ದಳು. ನಲವತ್ತು ದಾಟಿದ ಗಂಡಸು ಮಾವನಿಗೆ ಹೆದರಿ ಸುಳ್ಳು ಹೇಳುವುದು ಓದುವವರಿಗೆ ತಮಾಷೆ ಅನ್ನಿಸಬಹುದು. ಅಳಿಯ ಸಂತಾನದ ಮನೆಯಲ್ಲಿ ಬೆಳೆದವರಿಗೆ ಅನ್ನಿಸಲಿಕ್ಕಿಲ್ಲ. ಅಲ್ಲದೆ ನನಗೆ ಬರೀ ಹೆದರಿಕೆಯಷ್ಟೇ ಇದ್ದದ್ದೂ ಅಲ್ಲ. ಅವರು ಹೊಟ್ಟೆಪಾಡಿಗೆ ಇಳಿದ ನೀರಿಗೆ ನಾನು ಆಟಕ್ಕೆ ಇಳಿಯುತ್ತಿದ್ದೇನೆ ಎಂಬ ನಾಚಿಕೆಯೂ ಇತ್ತು.

ಈಗ ಆ ಬಂದರಿನ ಬಾಗಿಲಿನ ವಿಷಯ. ಸೌತಾಂಪ್ಟನ್ನಿನ ಎದುರು ವೈಟ್ ದ್ವೀಪ ಇದೆ. ನಡುವಿನ ಕಿರುಗಡಲಿನ ಹೆಸರು ಸೋಲೆಂಟ್. ನೋಡುವುದಕ್ಕೆ ಅಗಲವಾಗಿಯೇ ಇದೆ, ಆದರೆ ನಟ್ಟನಡುವೆ ಬ್ರಾಂಬಲ್ ಎಂಬ ಮರಳು ದಿಣ್ಣೆ ಮುಳುಗಿಕೊಂಡಿದೆ. ದೊಡ್ಡ ಇಳಿತದ ದಿನ ಸ್ವಲ್ಪ ಹೊತ್ತು ಅದು ನೀರಿನಿಂದ ಮೇಲೇಳುತ್ತದೆ. ವರ್ಷಕ್ಕೊಮ್ಮೆ ಎರಡು ಯಾಟ್ ಕ್ಲಬ್ಬಿನವರು ದೋಣಿಗಳಲ್ಲಿ ಬಂದು ಆ ದಿಣ್ಣೆಯ ಮೇಲೆ, ಕಾಲಡಿಯಲ್ಲಿ ನೀರಿರುವಾಗಲೇ, ಕ್ರಿಕೆಟ್ ಆಡುತ್ತಾರೆ. ಯಾರು ಗೆಲ್ಲಬೇಕು ಎನ್ನುವುದು ಸರದಿಯ ಪ್ರಕಾರ ಮೊದಲೇ ನಿಗದಿ. ಇಂಗ್ಲಿಷರ ಬಗ್ಗೆ ನನಗಿರುವ ಅರ್ಧ ಅಕ್ಕರೆಗೆ ಇಂಥವೇ ಕಾರಣ. 2015ರ ಜನವರಿಯಲ್ಲಿ ಹೋಗ್ ಒಸಾಕಾ ಎಂಬ ಕಾರು ಸಾಗಿಸುವ ಹಡಗು ಬಂದರಿನಿಂದ ಹೊರಟ ಸ್ವಲ್ಪದರಲ್ಲೇ ವಾಲಿ, ಹಿಡಿತ ತಪ್ಪಿ, ತೇಲುತ್ತ ಬಂದು ಹತ್ತಿ ನಿಂತದ್ದೂ ಇದೇ ದಿಣ್ಣೆಯ ಮೇಲೆ.

ದಿಣ್ಣೆ ಇರುವುದರಿಂದ ದೊಡ್ಡ ಹಡಗುಗಳು ನೇರ ಬರುವಂತಿಲ್ಲ. ಪೂರ್ವದಿಂದ ಬಂದ ಹಡಗು ಮೊದಲು ಪಶ್ಚಿಮಕ್ಕೆ, ದ್ವೀಪದ ಕೌಸ್ ಊರಿನ ಎದುರಿನವರೆಗೆ, ಬಂದರನ್ನು ಬಿಟ್ಟು ಬೇರೆಲ್ಲಿಗೋ ಹೋಗುತ್ತಿದೆಯೇನೋ ಎಂಬಂತೆ ಸಾಗುತ್ತದೆ. ಅಲ್ಲಿ ವೆಸ್ಟ್ ಬ್ರಾಂಬಲ್ ಎಂಬ ಬೋಯ್ ಸುತ್ತಿ ಬಲಕ್ಕೆ ತಿರುಗುತ್ತದೆ. ಥಾರ್ನ್ ಎಂಬ ಇಕ್ಕಟ್ಟಾದ ಕಾಲುವೆಯಲ್ಲಿ ಈಶಾನ್ಯಕ್ಕೆ ಬಂದು, ಕಾಲ್‌ಶಾಟ್ ಬಳಿ ಮತ್ತೆ ಎಡಕ್ಕೆ ತಿರುಗಿ ಬಂದರಿನ ನೀರು ಸೇರುತ್ತದೆ. ನಾನೂರು ಮೀಟರ್ ಉದ್ದದ ಕಂಟೇನರ್ ಹಡಗುಗಳೂ ಈ ಅಂಕುಡೊಂಕಿನಲ್ಲೇ ಬರಬೇಕು. ಆದ್ದರಿಂದ ಇಲ್ಲಿ ಒಂದು ಸ್ಥಳೀಯ ಕಟ್ಟಳೆ ಇದೆ. 150 ಮೀಟರಿಗಿಂತ ಉದ್ದದ ಹಡಗು ಬರುವಾಗ ಅದರ ಮುಂದೆ ಸಾವಿರ ಮೀಟರ್, ಎರಡೂ ಪಕ್ಕ ನೂರು ಮೀಟರ್ ನೀರು ಅದರದು. ಹಡಗು ಚಲಿಸಿದಂತೆ ಆ ನಿಷೇಧದ ಚೌಕವೂ ಚಲಿಸುತ್ತದೆ. ನಮ್ಮಂಥ ಚಿಕ್ಕ ದೋಣಿ ಅದರೊಳಗೆ ಕಾಲಿಡುವಂತಿಲ್ಲ.

ಹಾಯಿದೋಣಿಗೆ ಎಂಜಿನ್ ಹಡಗು ದಾರಿ ಬಿಡಬೇಕು ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ತೆರೆದ ಕಡಲಿನಲ್ಲಿ ಅದು ನಿಜ. ಇಕ್ಕಟ್ಟಾದ ಕಾಲುವೆಯಲ್ಲಿ ತಲೆಕೆಳಗು, ಅಲ್ಲಿ ಇಪ್ಪತ್ತು ಮೀಟರಿಗಿಂತ ಚಿಕ್ಕದಾದ ದೋಣಿ, ಹಾಯಿಯದಾದರೂ ಸರಿ, ದೊಡ್ಡದರ ದಾರಿಗೆ ಅಡ್ಡ ಬರಬಾರದು. ನನಗೆ ಇದು ಅನ್ಯಾಯ ಅನ್ನಿಸಿದ್ದೇ ಇಲ್ಲ. ಅದಕ್ಕೆ ಆ ಕಾಲುವೆ ಬಿಟ್ಟರೆ ಬೇರೆ ನೀರಿಲ್ಲ. ನಮಗೆ ಸುತ್ತಲೂ ಇದೆ.

ಜುಲೈ ತಿಂಗಳ ಒಂದು ಭಾನುವಾರ. ಊರಿನಲ್ಲಿ ಮೀನುಗಾರಿಕೆಗೆ 61 ದಿನಗಳ ನಿಷೇಧ, ಮಾವ ಮನೆಯಲ್ಲಿ ಬಲೆ ನೋಡಿಕೊಳ್ಳುತ್ತಿದ್ದ ಕಾಲ. ನಾವು ಮಧ್ಯಾಹ್ನ ಕೌಸ್‌ನಿಂದ ಸೌತಾಂಪ್ಟನ್ನಿಗೆ ಹೊರಟೆವು. ನೈರುತ್ಯದ ಗಾಳಿ ಎಡ ಬೆನ್ನಿಗೆ, ಉಬ್ಬರ ಶುರುವಾಗಿತ್ತು, ಬಿಸಿಲೂ ಇತ್ತು. ಎಂಜಿನ್ ಬಂದ್ ಮಾಡಿ ಬರೀ ಹಾಯಿಯಲ್ಲಿ ಐದು ನಾಟ್ ವೇಗದಲ್ಲಿ ಹೋಗುತ್ತಿದ್ದಾಗ ಬರುವ ಒಂದು ಸದ್ದಿದೆ, ಹಲಗೆಯ ಕೆಳಗೆ ನೀರು ತನ್ನಷ್ಟಕ್ಕೆ ಮಾತಾಡಿಕೊಂಡ ಹಾಗೆ. ಅದಕ್ಕಾಗಿಯೇ ನಾನು ಮೂರು ವರ್ಷ ಸುಳ್ಳು ಹೇಳಿದ್ದು. ತಾಂಡೇಲರು ಚುಕ್ಕಾಣಿ ನನ್ನ ಕೈಗೆ ಕೊಟ್ಟು, ಬಲಗಡೆ ಬರುತ್ತಿರುವ ಹಡಗಿನ ಮೇಲೆ ಕಣ್ಣಿರಲಿ ಎಂದು ಹೇಳಿ ಚಹಾ ಮಾಡಲು ಕೆಳಗಿಳಿದರು.

ಕಣ್ಣಿಟ್ಟೆ. ಪೂರ್ವದಿಂದ ಒಂದು ಕಂಟೇನರ್ ಹಡಗು. ಉದ್ದಕ್ಕೆ, ಬಣ್ಣಬಣ್ಣದ ಪೆಟ್ಟಿಗೆಗಳ ಗೋಡೆಯಾಗಿ, ಪಶ್ಚಿಮಕ್ಕೆ ಹೋಗುತ್ತಿತ್ತು. ನಾವು ಉತ್ತರಕ್ಕೆ. ಅದು ನಮ್ಮ ಹಿಂದಿನಿಂದ ಹಾದುಹೋಗುತ್ತದೆ ಎಂದು ಕಣ್ಣು ಹೇಳಿತು. ಅದು ಬಲಕ್ಕೆ ತಿರುಗಲಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಬಲ್ಲೆ. ಮೇಲೆ ನಾನು ಈಗ ಬರೆದದ್ದನ್ನೆಲ್ಲ ಅವತ್ತು ಬೆಳಿಗ್ಗೆಯೂ ಒಪ್ಪಿಸಬಲ್ಲವನಾಗಿದ್ದೆ. ಆದರೆ ಎದುರಿಗೆ ಅಷ್ಟು ದೊಡ್ಡದೊಂದು ವಸ್ತು ಒಂದು ದಿಕ್ಕಿಗೆ ಸಾಗುತ್ತಿರುವಾಗ, ಅದು ಇನ್ನೊಂದು ದಿಕ್ಕಿಗೆ ಹೋಗುತ್ತದೆಂದು ನಂಬುವುದಕ್ಕೆ ಓದು ಸಾಲದು. ನಾನು ನೆಮ್ಮದಿಯಾಗಿ ಕಾಲುವೆಯೊಳಕ್ಕೆ ದೋಣಿ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಹಡಗು ಚಿಕ್ಕದಾಯಿತು ಅನ್ನಿಸಿತು. ದೂರ ಹೋಗುತ್ತಿದೆ ಅಂದುಕೊಂಡೆ. ಮತ್ತೆ ನೋಡಿದರೆ ಇನ್ನೂ ಗಿಡ್ಡ. ಪೆಟ್ಟಿಗೆಗಳ ಉದ್ದದ ಗೋಡೆ ಮಡಚಿಕೊಳ್ಳುತ್ತಿತ್ತು. ಆಮೇಲೆ ಗೋಡೆಯೇ ಇಲ್ಲ, ಎತ್ತರದ ಒಂದು ಕಟ್ಟಡದ ಮುಖ ಮಾತ್ರ. ಎರಡೂ ಕಡೆಯ ಲಂಗರುಗಳು ಒಟ್ಟಿಗೆ ಕಂಡವು. ಹಡಗಿನ ಎರಡೂ ಲಂಗರು ಒಟ್ಟಿಗೆ ಕಂಡರೆ ಅದರ ಅರ್ಥವೇನೆಂದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ಆಗ ಅದು ಕೂಗಿತು. ಐದು ಸಲ. ಕಿವಿಗಿಂತ ಮೊದಲು ಎದೆಯ ಗೂಡಿಗೆ ತಾಗುವ ಸದ್ದು.

ನನಗೆ ಏನೂ ಹೊಳೆಯಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಆ ಹಡಗು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಎಡಕ್ಕೆ ಸ್ವಲ್ಪ ತಿರುಗಿಸಿದೆ, ಅದು ತಪ್ಪೇನೋ ಎಂದು ಬಲಕ್ಕೆ ಸ್ವಲ್ಪ ತಿರುಗಿಸಿದೆ. ಹಡಗಿನ ಮೇಲೆ ನಿಂತ ಪೈಲಟ್ಟಿಗೆ ಹೇಗೆ ಕಂಡಿರಬೇಕು? ರಸ್ತೆ ನಡುವೆ ಅತ್ತಿತ್ತ ಓಡುವ ಕೋಳಿಯ ಹಾಗೆ. ಅದು ಹನ್ನೆರಡು ನಾಟ್ ವೇಗದಲ್ಲಿದ್ದರೆ ಸಾವಿರ ಮೀಟರ್ ನೀರು ಮೂರು ನಿಮಿಷದೊಳಗೆ ಮುಗಿಯುತ್ತದೆ. ಅದರ ಮುಂದೆ ಬರುತ್ತಿದ್ದ ಬಂದರಿನ ಗಸ್ತು ದೋಣಿ, ನೀಲಿ ದೀಪ ಮಿನುಗಿಸುತ್ತ, ನಮ್ಮ ಕಡೆಗೇ ತಿರುಗಿತು.

ತಾಂಡೇಲರು ಕೈಯಲ್ಲಿ ಎರಡು ಲೋಟ ಹಿಡಿದು ಮೆಟ್ಟಿಲಲ್ಲಿ ಕಾಣಿಸಿಕೊಂಡರು. ಹಡಗು ನೋಡಿದರು. ಲೋಟಗಳನ್ನು ಕೆಳಗಿಟ್ಟರು, ಎಸೆಯಲಿಲ್ಲ, ಇಟ್ಟರು. “ಎಡಕ್ಕೆ ತಿರುಗಿಸು. ಪೂರ್ತಿ ತಿರುಗಿಸು. ನೀನು ತಿರುಗಿದ್ದು ಅವನಿಗೆ ಕಾಣಬೇಕು” ಎಂದರು. ಈ ಕೋಲಿನ ಚುಕ್ಕಾಣಿಯಲ್ಲಿ ದೋಣಿ ಎಡಕ್ಕೆ ತಿರುಗಬೇಕಾದರೆ ಕೋಲನ್ನು ಬಲಕ್ಕೆ ದೂಡಬೇಕು. ಮೂರು ವರ್ಷದ ಅಭ್ಯಾಸ ಇಲ್ಲದಿದ್ದರೆ ಆ ಗಳಿಗೆಯಲ್ಲಿ ನಾನು ಎಡಕ್ಕೇ ಎಳೆಯುತ್ತಿದ್ದೆ. ದೂಡಿದೆ. ಅವರು ಹಾಯಿಯ ಹಗ್ಗ ಬಿಗಿದರು. ದೋಣಿ ಗಾಳಿಗೆ ಅಡ್ಡವಾಗಿ ವಾಲಿ, ಪಶ್ಚಿಮದ ದಡದ ಕಡೆಗೆ ಓಡತೊಡಗಿತು. ಒಂದು ಲೋಟ ಉರುಳಿ ಚಹಾ ಕಾಲಿನ ಮೇಲೆ ಚೆಲ್ಲಿತು. ಸುಟ್ಟದ್ದು ಗೊತ್ತಾದದ್ದು ರಾತ್ರಿ.

ಗಸ್ತು ದೋಣಿಯವನು ಬೈಯಲಿಲ್ಲ. ಕೈ ಎತ್ತಿ ನಾವು ಹೋಗುತ್ತಿದ್ದ ದಿಕ್ಕನ್ನೇ ತೋರಿಸಿದ, ಹಾಗೇ ಹೋಗು ಎನ್ನುವಂತೆ. ಬೋಯ್ ದಾಟಿ ಕಾಲುವೆಯಿಂದ ಹೊರಬಿದ್ದು ಹಿಂದೆ ನೋಡಿದಾಗ ಹಡಗು ಮತ್ತೆ ಉದ್ದವಾಗುತ್ತಿತ್ತು. ಪೆಟ್ಟಿಗೆಗಳ ಸಾಲು ಮುಗಿಯುವಷ್ಟರಲ್ಲಿ ಬಿಸಿಲು ಒಮ್ಮೆ ಹೋಗಿ ಬಂತು. ಹಿಂಬದಿಯ ಕಟಾಂಜನಕ್ಕೆ ಒರಗಿ ಕಿತ್ತಳೆ ಬಣ್ಣದ ಅಂಗಿಯ ಒಬ್ಬ ನಾವಿಕ ನಮ್ಮನ್ನು ನೋಡುತ್ತಿದ್ದ. ನಮ್ಮ ಕರಾವಳಿಯ ಎಷ್ಟೋ ಹುಡುಗರು ಇಂಥ ಹಡಗುಗಳಲ್ಲಿ ದುಡಿಯುತ್ತಾರೆ. ಅವನು ಎಲ್ಲಿಯವನೋ. ಅವನಿಗೆ ಅದು ಕೆಲಸದ ದಿನ.

“2011ರ ವೀಡಿಯೊ ನೋಡಿದ್ದೀಯಲ್ಲ?” ಎಂದಷ್ಟೇ ತಾಂಡೇಲರು ಕೇಳಿದರು. ನೋಡಿದ್ದೆ, ಇಲ್ಲಿ ಹಾಯಿ ಬಿಡುವವರೆಲ್ಲ ನೋಡಿರುತ್ತಾರೆ. ಕೌಸ್ ವಾರದ ಪಂದ್ಯದಲ್ಲಿದ್ದ ಯಾಟೊಂದು ಹಾನ್ನೆ ಕ್ನುಟ್ಸೆನ್ ಎಂಬ ತೈಲ ಹಡಗಿನ ಮುಂದೆ ಸಿಕ್ಕಿ, ಅದರ ಬಣ್ಣದ ಹಾಯಿ ಹಡಗಿನ ಲಂಗರಿಗೆ ತೊಡರಿ, ಕಂಬ ಮುರಿದದ್ದು. ಜೀವ ಹೋಗಲಿಲ್ಲ, ಅಷ್ಟೇ.

ಅವರು ಚುಕ್ಕಾಣಿಯನ್ನು ನನ್ನಿಂದ ತೆಗೆದುಕೊಳ್ಳಲಿಲ್ಲ. ಎಂಜಿನ್ ಚಾಲೂ ಮಾಡಿ, ಇನ್ನು ನಿಲ್ಲುವವರೆಗೆ ಇದು ಓಡುತ್ತಲೇ ಇರಲಿ ಎಂದರು.

ಉಳಿದ ದಾರಿಯನ್ನು ನಾನು ಕಾಲುವೆಯ ಅಂಚಿನ ಹೊರಗೇ, ಗೋಡೆ ಹಿಡಿದು ನಡೆಯುವ ಮಗುವಿನಂತೆ ಬಂದೆ. ಎಂಟನೆಯ ಹೆನ್ರಿ ಕಟ್ಟಿಸಿದ ಕಾಲ್‌ಶಾಟಿನ ಗುಂಡನೆಯ ಕೋಟೆ, ಅದರಾಚೆ ಫಾಲಿಯ ತೈಲ ಶುದ್ಧೀಕರಣಾಗಾರದ ಚಿಮಣಿಗಳು, ಟ್ಯಾಂಕರುಗಳು ಕಟ್ಟಿನಿಂತ ಧಕ್ಕೆ. ಬಲದಲ್ಲಿ ನೆಟ್ಲಿಯ ಒಂಟಿ ಗುಮ್ಮಟ. ಅಲ್ಲಿದ್ದ ದೊಡ್ಡ ಸೈನಿಕ ಆಸ್ಪತ್ರೆಯಲ್ಲಿ ಈಗ ಉಳಿದಿರುವುದು ಪ್ರಾರ್ಥನಾ ಮಂದಿರ ಮಾತ್ರ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನೂ ಇಲ್ಲಿಗೆ ತಂದಿದ್ದರು. ಬೇರೆ ದಿನ ನಾನು ಅದನ್ನು ನೋಡುತ್ತ ಕೂರುವವ. ಅವತ್ತು ನೋಡಿದ್ದು ಬೋಯ್‌ಗಳನ್ನು ಮಾತ್ರ. ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಭಾರತದಲ್ಲೂ ಇದೇ ಕ್ರಮ. ಅಮೆರಿಕದವರದು ಉಲ್ಟಾ.

ಒಳಗೆ ಹೋದಷ್ಟೂ ಸಂತೆ. ದ್ವೀಪಕ್ಕೆ ಕಾರು ಒಯ್ಯುವ ಫೆರಿ, ಬಾಣದಂತೆ ಬರುವ ರೆಡ್ ಜೆಟ್, ಟಗ್ಗುಗಳು, ಬಹುಮಹಡಿ ಹೋಟೆಲಿನಂಥ ಪ್ರವಾಸಿ ಹಡಗು. ವಯರ್‌ಲೆಸ್ಸಿನ 12ನೇ ಚಾನೆಲ್ಲಿನಲ್ಲಿ ಬಂದರಿನವರು ಎಲ್ಲರೊಡನೆ ಒಂದೇ ಸ್ವರದಲ್ಲಿ ಮಾತಾಡುತ್ತಿದ್ದರು. ಯಾರು ಎಲ್ಲಿದ್ದಾರೆ, ಎತ್ತ ಹೋಗುತ್ತಿದ್ದಾರೆ. ಮೂರು ವರ್ಷ ನನಗೆ ಅದು ಬರೀ ಗೊಣಗಾಟವಾಗಿತ್ತು. ಅಷ್ಟೊಂದು ಕಬ್ಬಿಣ ಒಂದಕ್ಕೊಂದು ತಾಗದೆ ಓಡಾಡುವುದು, ಪ್ರತಿಯೊಬ್ಬನೂ ತಾನೇನು ಮಾಡಲಿದ್ದೇನೆ ಎಂದು ಮೊದಲೇ ಬಾಯಿಬಿಟ್ಟು ಹೇಳುವುದರಿಂದ ಎಂದು ಅವತ್ತು ಕಿವಿಗೆ ಬಿತ್ತು.

ಮುಂದೆ ನದಿ ಎರಡಾಗಿ ಒಡೆಯುತ್ತದೆ, ಎಡಕ್ಕೆ ಟೆಸ್ಟ್, ಬಲಕ್ಕೆ ಇಚೆನ್. 1912ರ ಏಪ್ರಿಲ್ 10ರಂದು ಟೈಟಾನಿಕ್ ಹೊರಟದ್ದು ಈ ಮೂಲೆಯ 44ನೇ ಧಕ್ಕೆಯಿಂದ. ನೀರ್ಗಲ್ಲಿನ ಕತೆ ಎಲ್ಲರಿಗೂ ಗೊತ್ತು. ಆದರೆ ಆ ದಿನ ಅದು ಬಂದರು ಬಿಡುವ ಮೊದಲೇ ಡಿಕ್ಕಿಯಾಗುವುದರಲ್ಲಿತ್ತು. ಅದು ಹಾಯುವಾಗ ಎಬ್ಬಿಸಿದ ಸೆಳೆತಕ್ಕೆ ಪಕ್ಕದಲ್ಲಿ ಕಟ್ಟಿದ್ದ ನ್ಯೂಯಾರ್ಕ್ ಎಂಬ ಹಡಗಿನ ಹಗ್ಗಗಳು ಕಿತ್ತು, ಅದರ ಬಾಲ ಟೈಟಾನಿಕ್ಕಿನ ಕಡೆಗೆ ತೇಲಿಬಂತು. ಕೊಂಚದರಲ್ಲಿ ತಪ್ಪಿತು. ಮಾವ ಹೇಳುವ ಬಾಗಿಲಿನ ಹೆದರಿಕೆ ಟೈಟಾನಿಕ್ಕಿಗೂ ಇತ್ತು.

ನಾವು ಇಚೆನ್ ಕಡೆ ತಿರುಗಿ, ಮರೀನಾದಲ್ಲಿ ಜಾಗ ಕೇಳಿ, ದೋಣಿ ಕಟ್ಟಿದೆವು. ಹಗ್ಗ ಸುತ್ತುವಾಗ ನನ್ನ ಕೈ ನಡುಗುತ್ತಿತ್ತು. ತಾಂಡೇಲರು ನೋಡಿಯೂ ನೋಡದವರಂತೆ ಲೋಟ ತೊಳೆದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನಲ್ಲಿ ಬೆಳಗಾಗುವುದನ್ನು ಕಾದು ಮಾವನಿಗೆ ಫೋನು ಮಾಡಿದೆ. ಹಿನ್ನೆಲೆಯಲ್ಲಿ ಮಳೆ ಹಂಚಿನ ಮೇಲೆ ಬೀಳುತ್ತಿತ್ತು.

“ಮಾವ, ಒಂದ್ ವಿಷ್ಯ ಹೇಳ್ಕ್.”

“ಹೇಳ್ ಮಗಾ.”

ಎಲ್ಲ ಹೇಳಿದೆ. ಮೂರು ವರ್ಷ, ಪಾರ್ಕು, ಕಾಲುವೆ, ಹಡಗು. ಅವರು ನಡುವೆ ಮಾತಾಡಲಿಲ್ಲ. ಮುಗಿದ ಮೇಲೂ ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಎಂದು ನೋಡಿಕೊಂಡೆ.

“ಎಂಜಿನ್ ಚಾಲೂ ಇತ್ತಾ?” ಎಂದು ಕೇಳಿದರು.

“ಇಲ್ಲೆ.”

“ಬಾಗ್ಲಂಗೆ ಎಂಜಿನ್ ಬಂದ್ ಮಾಡ್ಕಂಡ್ ಬಪ್ದಾ? ಯಾರ್ ಕಲ್ಸಿದ್ ನಿಂಗೆ?”

ನಾನು ಸುಮ್ಮನಿದ್ದೆ. ಭರತ ಎಷ್ಟಿತ್ತು, ಗಾಳಿ ಎತ್ತಲಿಂದ, ಹಡಗಿಗೂ ನಮಗೂ ಎಷ್ಟು ದೂರ ಎಂದು ಒಂದೊಂದಾಗಿ ಕೇಳಿದರು. ಪೊಲೀಸರ ವಿಚಾರಣೆಯ ಹಾಗೆ. ಆಣೆ ಮುರಿದ ಬಗ್ಗೆ ಒಂದು ಮಾತೂ ಇಲ್ಲ. ಆಮೇಲೆ,

“ಎಷ್ಟ್ ಸಲ ಕೂಗ್ದ ಅಂದೆ?”

“ಐದ್ ಸಲ.”

“ಹಂಗಾರೆ ಅಂವ ನಿನ್ನ ಕಂಡಿದ್ದ. ಕಾಣ್ದೇ ಇಪ್ಪವ ಕೂಗುದಿಲ್ಲೆ.”

ಮತ್ತೆ ಮಳೆಯ ಸದ್ದು. ನಂತರ ಅವರು ಹೇಳಿದ್ದು ನಾನು ಮೊದಲು ಕೇಳಿರದ ಮಾತು. ಅವತ್ತು ಚಿಕ್ಕಮಾವನ ದೋಣಿಯ ಹಿಂದಿನ ದೋಣಿಯಲ್ಲಿ ಇವರೇ ಇದ್ದರಂತೆ. ಅಲೆ ಏಳುವುದು ಇವರಿಗೆ ಕಂಡಿತಂತೆ. “ಕೂಗ್ದೆ ಮಗಾ. ಗಾಳಿ ಎದ್ರಿತ್ತ್. ಕೇಂಡಿಲ್ಲ ಅವಂಗೆ.”

ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಅವರೇ ಗಂಟಲು ಸರಿಮಾಡಿಕೊಂಡು ಮಾತು ತಿರುಗಿಸಿದರು.

“ಅದಿರ್ಲಿ. ದೋಣಿಯವ್ರ್ ಸಂಬ್ಳ ಎಷ್ಟ್ ಕೊಡ್ತ್ರ್?”

“ಸಂಬ್ಳ ಇಲ್ಲೆ ಮಾವ. ಡೀಸೆಲ್ಲಿಗೆ ನಾನೇ ದುಡ್ಡ್ ಹಾಕುದ್.”

ಮಾವ ನಗುವುದಕ್ಕೆ ಶುರುಮಾಡಿದರು. ಅತ್ತೆಯನ್ನು ಕರೆದು ಅವರಿಗೂ ಹೇಳಿದರು. ಅವರು ನಗುವುದೂ ಕೇಳಿಸಿತು. ಇಪ್ಪತ್ತು ವರ್ಷ ನನ್ನ ಎದೆಯಲ್ಲಿದ್ದ ನಾಚಿಕೆ ಆ ಮನೆಯಲ್ಲಿ ಒಳ್ಳೆಯ ತಮಾಷೆಯಾಗಿ ಸುತ್ತು ಹೊಡೆಯಿತು.

ಫೋನು ಮಾಡುವುದು ಯಾವಾಗಲೂ ನಾನೇ. ಮಾವ ತಾವಾಗಿ ಮಾಡಿದವರಲ್ಲ. ಮುಂದಿನ ಭಾನುವಾರ ಮಧ್ಯಾಹ್ನ, ನಾವು ಕಾಲ್‌ಶಾಟಿನ ಹತ್ತಿರ ಎಂಜಿನ್ ಚಾಲೂ ಇಟ್ಟುಕೊಂಡೇ ಹೋಗುತ್ತಿದ್ದಾಗ, ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು.

“ಗಾಳಿ ಎತ್ಲಾಗಿಂದ?” ಎಂದರು.

“ನೈರುತ್ಯ.”

“ಇಲ್ಲೂ ಅದೇ” ಎಂದು ಇಟ್ಟುಬಿಟ್ಟರು.